ಮುದುಕಿಯ ಹೆಜ್ಜೆಯಲ್ಲಿ ನಲವತ್ತು

ಹೋದ ತಿಂಗಳು ಉದಗೀರಿನ ಒಂದು ಓಣಿಯಲ್ಲಿ ಬರ್ಫಿನ, ಅಂದರೆ ಮಂಜುಗಡ್ಡೆಯ, ಕಾರ್ಖಾನೆಯ ಮುಂದೆ ಹಾದುಹೋಗುವಾಗ ಅಮೋನಿಯಾ ವಾಸನೆ ರಪ್ಪೆಂದು ಮುಖಕ್ಕೆ ಬಡಿಯಿತು. ಜೊತೆಗಿದ್ದ ಸೊಸೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಮುಂದೆ ಓಡಿದಳು. ನಾನು ಅಲ್ಲೇ ನಿಂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಅದು ವಾಸನೆಗೆ ಬಂದ ನೀರು, ಒಪ್ಪುತ್ತೇನೆ. ಆದರೆ ಅದರ ಬೆನ್ನಿಗೇ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಆ ಸಿಟ್ಟು ಆರಿಲ್ಲವಲ್ಲ ಎಂದು ನನಗೇ ಸೋಜಿಗವಾಯಿತು.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಆಗ ದೊಡ್ಡ ನಕಾಶೆಗಳ ಪ್ರತಿಯನ್ನು ಅಮೋನಿಯಾದ ಹಬೆಯಲ್ಲಿ ತೆಗೆಯುತ್ತಿದ್ದರು. ಯಂತ್ರದಿಂದ ಹೊರಬಂದ ಹಸಿ ಕಾಗದ ಮೂಗು ಕಿತ್ತುಹೋಗುವಂತೆ ನಾರುತ್ತಿತ್ತು. ನಾನು ಅಂಥ ಮೂರು ಪ್ರತಿಗಳನ್ನು ಸುರುಳಿ ಸುತ್ತಿ, ಮಡಿಲ ಕೂಸನ್ನು ಹಿಡಿದಂತೆ ಹಿಡಿದು, ಉದಗೀರಿನಿಂದ ನಿಲಂಗಾಕ್ಕೆ, ಅಲ್ಲಿ ಗಾಡಿ ಬದಲಿಸಿ ಉಮರ್ಗಾ ಕಡೆಗೆ ಹೋಗಿದ್ದೆ. ಬಸ್ಸಿನಲ್ಲಿ ಪಕ್ಕ ಕುಳಿತವರು ಎದ್ದು ಹಿಂದೆ ಹೋದರು. ನನಗೆ ಅದರ ಖಬರೇ ಇರಲಿಲ್ಲ, ಅಷ್ಟು ಹೆಮ್ಮೆಯಲ್ಲಿದ್ದೆ.

ನಾನು ಭಾಲ್ಕಿಯವಳು. ಮದುವೆಗೆ ಮುಂಚೆ ಬೀದರಿನಲ್ಲಿ ಎರಡು ವರ್ಷ ನಕಾಶೆ ಬರೆಯುವ ಕೋರ್ಸು ಮಾಡಿದ್ದೆ. ಗಡಿಯಾಚೆ, ಉದಗೀರಿನ ಕಿರಾಣಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದ ಮೇಲೆ ಆ ವಿದ್ಯೆಯೆಲ್ಲ ಡಬ್ಬಿಗಳ ಮೇಲೆ ತೊಗರಿ, ಕಡಲೆ, ಜೀರಿಗೆ ಎಂದು ದುಂಡಗೆ ಬರೆಯುವುದಕ್ಕೆ ಬಳಕೆಯಾಯಿತು. ಆ ಕಡೆಯ ಊರೂರುಗಳನ್ನೇ ಕೆಡವಿದ ದೊಡ್ಡ ಭೂಕಂಪವಾಗಿ ಎರಡು-ಮೂರು ವರ್ಷವಾಗಿತ್ತು. ಒಂದು ಸೇವಾ ಸಂಸ್ಥೆಯವರಿಗೆ ನಕಾಶೆ ಬರೆಯಲು ಬರುವ, ಕನ್ನಡ-ಮರಾಠಿ ಎರಡೂ ಬಲ್ಲ ಹೆಂಗಸು ಬೇಕಾಗಿದ್ದಳು. ಮಾವನವರು ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಳ್ಳುತ್ತ, "ನಾಕ ತಿಂಗಳದ ಮಾತದ, ಹೋಗಲಿ" ಎಂದರು. ಅತ್ತೆ ಮಾತ್ರ "ಅಲ್ಲಿ ಯಾರ ಮನ್ಯಾಗೂ ನೀರ ಕುಡಿಬ್ಯಾಡ" ಎಂದು ಹೇಳಿ ಕಳಿಸಿದರು. ಅವರ ಆ ಮಾತು ನಾನು ಮೊದಲ ದಿನವೇ ಮುರಿದೆ. ವೈಶಾಖದ ಬಿಸಿಲು ಹಾಗಿತ್ತು.

ಉಮರ್ಗಾದಿಂದ ನಿಲಂಗಾ ದಿಕ್ಕಿಗೆ ಹೋಗುವ ದಾರಿಯಲ್ಲಿ ಕಲ್ಲು ಒಡೆದು ಜಲ್ಲಿ ಮಾಡುವ ಒಂದು ಯಂತ್ರವಿತ್ತು. ಮರಾಠಿಯಲ್ಲಿ ಜಲ್ಲಿಗೆ ಖಡಿ ಎನ್ನುತ್ತಾರೆ. ಅದಕ್ಕೇ ಅಲ್ಲಿನ ಗುಡಿಸಲುಗಳಿಗೆ ಖಡಿ ಮಷೀನ್ ವಸ್ತಿ ಎಂದು ಹೆಸರು. ಅಲ್ಲಿದ್ದವರು ಔರಾದ, ಹುಮನಾಬಾದ, ಆಳಂದ ಕಡೆಯಿಂದ ಬಂದ ಕೂಲಿಗಳು, ಗೋಡೆ ಕಟ್ಟುವ ಗೌಂಡಿಗಳು. ಸಾಸ್ತೂರಿನ ಕಡೆ, ಲೋಹಾರಾದ ಕಡೆ ಭೂಕಂಪದಲ್ಲಿ ಬಿದ್ದ ಊರುಗಳನ್ನು ಹೊಸದಾಗಿ ಕಟ್ಟುವ ಕೆಲಸಕ್ಕೆ ಬಂದವರು. ಊರು ಕಟ್ಟಿ ಮುಗಿಯಿತು, ಗುತ್ತಿಗೆದಾರರು ಗಂಟು ಕಟ್ಟಿದರು, ಇವರು ಉಳಿದರು. ಊರಿಗೆ ಊರೇ ಕಟ್ಟಿಕೊಟ್ಟವರು ತಗಡು, ಪ್ಲಾಸ್ಟಿಕ್ಕು, ಸಿಮೆಂಟ್ ಚೀಲಗಳ ಕೆಳಗೆ ಇದ್ದರು. ನೊಂದವರ ಪಟ್ಟಿಯಲ್ಲಿ ಇವರ ಹೆಸರಿಲ್ಲ, ಯಾಕೆಂದರೆ ಇವರ ಮನೆ ಬಿದ್ದಿರಲಿಲ್ಲ. ಬೀಳುವುದಕ್ಕೆ ಮನೆಯಿದ್ದರಲ್ಲವೇ?

ಆ ಬೇಸಿಗೆಯಲ್ಲಿ ಕಚೇರಿಯಿಂದ ನೋಟೀಸು ಬಂತು. ಯಾವ ಕಚೇರಿ ಎಂದು ಹೇಳುವುದಿಲ್ಲ. ಹೇಳಿದರೂ ಆಗಿನವರು ಅಲ್ಲಿ ಯಾರೂ ಉಳಿದಿಲ್ಲ. ಜಾಗ ಖಾಲಿ ಮಾಡಬೇಕು, ಇಲ್ಲವೇ ಓಣಿ, ಮನೆ, ಚರಂಡಿ ತೋರಿಸುವ ನಕಾಶೆ ಕೊಡಬೇಕು. ನಕಾಶೆ ಮಂಜೂರಾದರೆ ಮನೆಗೆ ಹಕ್ಕುಪತ್ರ, ಓಣಿಗೆ ನೀರಿನ ನಳ. ವಸ್ತಿಯ ನಕಾಶೆಯನ್ನು ವಸ್ತಿಯವರೇ ಮಾಡಲಿ ಎಂದು ಸಂಸ್ಥೆಯವರು ಹೇಳಿದರು. ನಾನು ಮನಸ್ಸಿನಲ್ಲೇ ನಕ್ಕೆ. ಇವರೇನು ಮಾಡುತ್ತಾರೆ ಎಂದುಕೊಂಡು, ಮನೆಯಲ್ಲೇ ಕುಳಿತು ಚೌಕ ಚೌಕವಾಗಿ ಅರವತ್ತೆರಡು ಮನೆಗಳನ್ನು ಗೆರೆ ಹೊಡೆದುಕೊಂಡು ಹೋದೆ. ಸೋಪಿನ ಪೆಟ್ಟಿಗೆ ಜೋಡಿಸಿಟ್ಟಂತೆ ಚೆಂದ ಕಾಣುತ್ತಿತ್ತು.

ಕಾಗದವನ್ನು ನೆಲದ ಮೇಲೆ ಹಾಸಿದೆ. ಗಂಡಸರು ತಲೆಯಾಡಿಸಿದರು. ನಿಂಗಮ್ಮ ಎಂಬವಳು ಮಾತ್ರ ಸುತ್ತಲೂ ಒಂದು ಸಲ ತಿರುಗಿ ನೋಡಿ ಕೇಳಿದಳು:

"ಇದರಾಗ ನಿಂತು ನೋಡೋದು ಹ್ಯಾಂಗ ಬಾಯಿ?" ಅಲ್ಲಿ ಎಲ್ಲರೂ ನನ್ನನ್ನು ಬಾಯಿ ಎನ್ನುತ್ತಿದ್ದರು, ನಮ್ಮಲ್ಲಿ ಅಮ್ಮಾವ್ರು ಎಂದಂತೆ.

"ನಿಂತು ನೋಡೋದಲ್ಲವ್ವಾ, ಇದು ನಕಾಶಾ."

"ನಿಲ್ಲಾಕ ಬರದಿದ್ರ ಓಡಾಕ ಹ್ಯಾಂಗ ಬರತದ?"

ನಿಂಗಮ್ಮನಿಗೆ ನಲವತ್ತು ದಾಟಿರಬಹುದು. ಯಂತ್ರದ ಬಾಯಿಗೆ ಕಲ್ಲು ಹೊತ್ತು ಹಾಕುವವಳು. ಇಡೀ ವಸ್ತಿಯಲ್ಲಿ ಭೂಕಂಪವನ್ನು ಒಳಗಿನಿಂದ ನೋಡಿದವಳು ಅವಳೊಬ್ಬಳೇ. ಆಗ ಅವಳು ತನ್ನ ತಂಗಿಯೊಂದಿಗೆ ಸಾಸ್ತೂರಿನ ಹತ್ತಿರದ ಒಂದು ಊರಿನಲ್ಲಿ, ಯಾರದೋ ಹಿತ್ತಲಿನ ಗುಡಿಸಲಿನಲ್ಲಿ ಇದ್ದಳು. ಬಾಡಿಗೆಯ ಹಿತ್ತಲಾದ್ದರಿಂದ ಪಟ್ಟಿಯಲ್ಲಿ ಅವಳೂ ಬರಲಿಲ್ಲ. ಆ ದಿನ ಏನಾಯಿತೆಂದು ಅವಳು ನನಗೆ ಹೇಳಿದ್ದು ಇಷ್ಟೇ:

"ನಮ್ಮ ಗುಡಿಸಲಾ ಏನೂ ಮಾಡಲಿಲ್ಲರೀ. ಇಬ್ಬರೂ ಹೊರಗ ಬಂದೀವಿ. ಓಣಿ ಸಣ್ಣದಿತ್ತು. ಈ ಕಡಿ ಗ್ವಾಡಿ, ಆ ಕಡಿ ಗ್ವಾಡಿ, ಎರಡೂ ಕೂಡೇ ಬಂದ್ವು. ಆಕಿ ನನಕಿಂತ ನಾಕ ಹೆಜ್ಜಿ ಹಿಂದಿದ್ದಳು. ಮನಿ ಆಕಿಗಿ ಕೊಲ್ಲಲಿಲ್ಲ, ಓಣಿ ಕೊಂದಿತು."

ಅವಳಿಗೆ ಬೇಕಾದದ್ದು ಒಂದೇ. ವಸ್ತಿಯ ನಡುವೆ ಒಂದು ಬಯಲು. ಯಾವ ಮನೆಯ ಬಾಗಿಲಿನಿಂದಾದರೂ ನಲವತ್ತು ಹೆಜ್ಜೆಯಲ್ಲಿ ಆಕಾಶದ ಕೆಳಗೆ ಬಂದು ನಿಲ್ಲುವಂತಿರಬೇಕು, ಸುತ್ತ ಬೀಳುವಂಥದ್ದು ಏನೂ ಇರಬಾರದು. ನಳ, ದೀಪ, ಹಕ್ಕುಪತ್ರ ಎಲ್ಲ ಅದಾದ ಮೇಲೆ.

ನನ್ನ ಕಾಗದ ಸುರುಳಿ ಸೇರಿತು. ಮರುದಿನದಿಂದ ನಕಾಶೆ ನೆಲದ ಮೇಲೆ ಶುರುವಾಯಿತು. ಯಂತ್ರದ ಕೆಳಗೆ ಬಿದ್ದ ಬಿಳಿ ಕಲ್ಲುಪುಡಿ ಬೇಕಾದಷ್ಟಿತ್ತು. ಹೆಂಗಸರು ಬುಟ್ಟಿಯಲ್ಲಿ ತುಂಬಿ ತಂದು, ರಂಗೋಲಿ ಬಿಡುವಂತೆ ಬೆರಳ ಸಂದಿಯಿಂದ ಬಿಡುತ್ತ, ಪಕ್ಕದ ಖಾಲಿ ನೆಲದ ಮೇಲೆ ಪ್ರತಿ ಮನೆಯನ್ನೂ ಅದರ ನಿಜವಾದ ಅಳತೆಯಲ್ಲಿ ಎಳೆದರು. ಇದು ಬಾಗಿಲು, ಇದು ಒಲೆ, ಇಲ್ಲಿ ಆಡು ಕಟ್ಟುವುದು. ಮೌಲಾಸಾಬ ಎಂಬ ಹಿರಿಯ ಗೌಂಡಿ ಹುರಿ ಹಿಡಿದು ಮೂಲೆ ಸರಿ ಮಾಡುತ್ತಿದ್ದ. ನಾನು ಹಿಂದೆ ಹಿಂದೆ ಅಳೆದು ಬರೆದುಕೊಳ್ಳುತ್ತಿದ್ದೆ. ಮಧ್ಯಾಹ್ನ ಬಿಸಿಗಾಳಿ ಎದ್ದು ಅರ್ಧ ಊರನ್ನು ಹಾರಿಸಿಕೊಂಡು ಹೋಗುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಮೊದಲಿನಿಂದ. ಹೀಗೆ ಒಂಬತ್ತು ದಿನ. ಜಗಳಕ್ಕೆ ಬರವೇ ಇರಲಿಲ್ಲ. ಒಬ್ಬಳು ತನ್ನ ನಾದಿನಿಯ ಬಾಗಿಲ ಎದುರು ತನ್ನ ಬಾಗಿಲು ಬೇಡ ಎಂದು ಇಡೀ ಮನೆಯನ್ನು ಕಾಲಿನಿಂದ ಅಳಿಸಿ ಆಚೆ ಓಣಿಗೆ ಹೊತ್ತುಕೊಂಡು ಹೋದಳು. ನನಗೆ ತಲೆ ಚಿಟ್ಟು ಹಿಡಿದಿತ್ತು. ಆದರೆ ನಿಜ ಹೇಳುತ್ತೇನೆ, ಅಷ್ಟು ಖುಷಿಯ ಕೆಲಸ ನಾನು ಹಿಂದೆ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ಐದನೆಯ ದಿನ ನಿಂಗಮ್ಮ ಪುಡಿಯ ಬಾಗಿಲುಗಳಲ್ಲಿ ಒಂದೊಂದಾಗಿ ನಿಂತು, ಕಣ್ಣು ಮುಚ್ಚಿಕೊಂಡು ನಡುವಿನ ಬಯಲಿಗೆ ನಡೆದಳು. ಎಲ್ಲ ನಲವತ್ತರ ಒಳಗೇ ಬಂತು. ನಾನು ಬರೆದುಕೊಳ್ಳಲು ಹೊರಟೆ. ಅವಳು ಬೇಡವೆಂದಳು.

"ನನ್ನ ಹೆಜ್ಜಿಲೆ ಬ್ಯಾಡ. ಕಾಶಮ್ಮನ ಹೆಜ್ಜಿಲೆ ಅಳೀರಿ."

ಕಾಶಮ್ಮ ವಸ್ತಿಯ ಎಲ್ಲರಿಗಿಂತ ಹಿರಿಯ ಮುದುಕಿ. ಗೇಣು ಗೇಣಿಗೆ ಒಂದು ಹೆಜ್ಜೆ, ಮೂರಕ್ಕೊಮ್ಮೆ ನಿಲ್ಲುವವಳು. ಅವಳ ಹೆಜ್ಜೆಯಲ್ಲಿ ಅಳೆದರೆ ದೂರದ ಮನೆಗಳಿಗೆ ಐವತ್ತು, ಐವತ್ತೈದು ಆಗುತ್ತಿತ್ತು. ಅಂದರೆ ಬಯಲು ಓಣಿಗಳ ಒಳಕ್ಕೆ ಬೆಳೆಯಬೇಕು, ಮನೆಗಳು ಚಿಕ್ಕದಾಗಬೇಕು. ಗಂಡಸರು ಹಾರಾಡಿದರು. ಮೊದಲೇ ಹತ್ತು ಮೊಳದ ಮನೆ, ಅದರಲ್ಲೂ ಬಿಡುವುದೇನು? ಮೌಲಾಸಾಬ ಬೀಡಿ ಆರಿಸಿ ಎದ್ದು ತನ್ನ ಪುಡಿಯ ಗೋಡೆಯನ್ನು ತಾನೇ ಎರಡು ಅಡಿ ಒಳಕ್ಕೆ ಸರಿಸಿದ.

"ಗ್ವಾಡಿ ಕಟ್ಟೋಂವ ನಾ. ಗ್ವಾಡಿ ಹ್ಯಾಂಗ ಬೀಳ್ತದ ಅಂಬೋದೂ ನನಗ ಮಾಲುಮ್ ಅದ" ಎಂದ.

ಅವನ ಹಿಂದೆ ಒಬ್ಬೊಬ್ಬರೇ ಸರಿಸಿದರು. ಅರವತ್ತೆರಡು ಮನೆಗಳೂ ಎರಡೆರಡು ಅಡಿ ಬಿಟ್ಟುಕೊಟ್ಟವು. ಕೊನೆಗೆ ಕಾಶಮ್ಮನನ್ನು ಕೈಹಿಡಿದು ಪ್ರತಿ ಬಾಗಿಲಿನಿಂದ ನಡೆಸಿದರು. ಮುದುಕಿ ಬೈದುಕೊಳ್ಳುತ್ತಲೇ ನಡೆದಳು. ಎಲ್ಲ ಬಾಗಿಲುಗಳಿಂದಲೂ ನಲವತ್ತರ ಒಳಗೆ ಬಂದಳು.

ಇನ್ನು ಆ ಬಯಲಿಗೆ ಏನೆಂದು ಹೆಸರಿಡುವುದು ಎಂಬ ಮಾತು ಬಂತು. ಒಬ್ಬರು ಗುಡಿ ಎಂದರು, ಇನ್ನೊಬ್ಬರು ಬಾವುಟ ನೆಡುವ ನಿಶಾನಿ ಕಟ್ಟೆ ಎಂದರು, ಹುಡುಗರು ಒಬ್ಬ ನಾಯಕರ ಪುತ್ಥಳಿ ಎಂದರು. ನಿಂಗಮ್ಮ ಯಾವುದಕ್ಕೂ ಒಪ್ಪಲಿಲ್ಲ. ಬೇವಿನ ಗಿಡ ಹಚ್ಚೋಣ ಎಂದರೆ ಅದಕ್ಕೂ ಇಲ್ಲ; ಗಿಡ ಬಂದರೆ ಅದರ ಬುಡಕ್ಕೆ ಒಂದು ಕಲ್ಲು ಬರುತ್ತದೆ, ಕಲ್ಲಿಗೆ ಕುಂಕುಮ ಬರುತ್ತದೆ.

"ಆಟದ ಮೈದಾನ ಅಂತ ಬರೀಲೇನು?" ಎಂದು ನಾನು ಕೇಳಿದೆ.

"ಮೈದಾನ ಅಂದ್ರ ನಾಳಿಗಿ ಮಂಟಪ ಹಾಕ್ತಾರ, ಖುರ್ಚಿ ಹಾಕಿ ಭಾಷಣ ಮಾಡ್ತಾರ. ಓಡಿ ಬಂದವರು ಖುರ್ಚಿಗಿ ಎಡವಿ ಬೀಳ್ಬೇಕೇನು? ಹೆಸರ ಇಟ್ಟೀವಿ ಅಂದ್ರ ಅದು ಯಾರದರೆ ಒಬ್ಬರದ ಆಗತದ ಬಾಯಿ. ಅಲ್ಲಿ ಏನೂ ಬರೀಬ್ಯಾಡ್ರಿ."

ಎಲ್ಲರೂ ಆಗಲಿ ಎಂದರು. ಯಾರದೂ ಅಲ್ಲ ಎಂದರೆ ಎಲ್ಲರಿಗೂ ಒಪ್ಪಿಗೆ. ಈ ಕಡೆಯ ಪದ್ಧತಿಯಂತೆ ಮಾತು ಗಟ್ಟಿಯಾಯಿತೆಂದು ಬೆಲ್ಲ ಹಂಚಿದರು. ನಾನೂ ತಿಂದೆ.

ಬೀದರಿನಲ್ಲಿ ನನ್ನ ಮಾಸ್ತರರು ಮೊದಲ ವಾರವೇ ಹೇಳಿಕೊಟ್ಟಿದ್ದರು: ನಕಾಶೆಯಲ್ಲಿ ಹೆಸರಿಲ್ಲದ ಜಾಗ ಬಿಡಬಾರದು, ಒಂದು ಗೇಣಾದರೂ ಸರಿ. ನನಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ. ಅರವತ್ತೆರಡು ಮನೆಯವರು ಒಂದಾಗಿ ಹೇಳಿದ ಮಾತಿಗಿಂತ ನನ್ನ ಕೋರ್ಸು ದೊಡ್ಡದೇ ಎಂದು ನನಗೆ ನಾನೇ ದೊಡ್ಡ ಮಾತು ಹೇಳಿಕೊಂಡೆ. ಉದಗೀರಿನಲ್ಲಿ ಅಡುಗೆಮನೆಯ ಪಕ್ಕದಲ್ಲಿ ಕುಳಿತು ಎಂಟು ದಿನ ಗೆರೆ ಎಳೆದೆ. ಓಣಿಗಳಿಗೆ, ಚರಂಡಿಗೆ, ನಳಗಳಿಗೆ ದುಂಡಗೆ ಹೆಸರು ಬರೆದೆ. ನಡುವೆ ಬೆಳ್ಳಗೆ, ಶುದ್ಧ ಬೆಳ್ಳಗೆ ಬಿಟ್ಟೆ. ಎಷ್ಟು ಚೆಂದ ಕಂಡಿತು ಗೊತ್ತೇ? ನೆನೆದರೆ ಇವತ್ತಿಗೂ ಹಲ್ಲು ಕಡಿಯುವಂತಾಗುತ್ತದೆ.

ಕಚೇರಿಯ ಇಂಜಿನಿಯರ್ ಸಾಹೇಬರು ಪ್ರತಿಯನ್ನು ಮೇಜಿನ ಮೇಲೆ ಹರಡಿ, ಮೂಗಿಗೆ ಕರ್ಚೀಫು ಹಿಡಿದು ನೋಡಿದರು. ನಿಲಂಗಾ ಕಡೆಯವರು, ಮರಾಠಿಯ ನಡುನಡುವೆ ಕನ್ನಡ ಆಡುತ್ತಿದ್ದರು. "ಛಾನ್ ಕಾಢಲಂಯ್, ಭಾಳ ಚಲೋ ತೆಗದೀರಿ ಬಾಯಿ. ಇಷ್ಟ ಸಾಫ್ ನಕಾಶಾ ನಮ್ಮವರಿಗೂ ಬರಂಗಿಲ್ಲ" ಎಂದರು. ನಾನು ಉಬ್ಬಿದೆ.

ಮೃಗಶಿರೆಯ ಮಳೆ ಬರುವ ಮುಂಚೆಯೇ ವಸ್ತಿಯವರು ತಮ್ಮ ಗುಡಿಸಲುಗಳನ್ನು ತಾವೇ ಬಿಚ್ಚಿ ಹೊಸ ಗೆರೆಯ ಮೇಲೆ ಕಟ್ಟಿಕೊಂಡರು. ಮಂಜೂರಿ ಬರಲಿ, ತಡೆಯಿರಿ ಎಂದು ನಾನು ಹೇಳಿದೆ. ಯಾರು ಕೇಳುತ್ತಾರೆ? ಮಳೆ ಕೇಳುತ್ತದೆಯೇ? ಒಂದೇ ವಾರದಲ್ಲಿ ಕಾಗದದ ಮೇಲಿನ ಊರು ನೆಲದ ಮೇಲೆ ಬಂದು ಕೂತಿತು. ನಡುವಿನ ಬಯಲಲ್ಲಿ ಮೊದಲ ಮಳೆಗೆ ನೀರು ನಿಂತಿತು, ಹೆಂಗಸರು ಕಲ್ಲುಪುಡಿ ಹೊಯ್ದು ಗಟ್ಟಿ ಮಾಡಿದರು. ನೆಲ ನಡುಗಿದರೆ ತಂತಮ್ಮ ಬಾಗಿಲಿನಿಂದ ಅಲ್ಲಿಗೆ ಓಡಿ ಬರುವುದನ್ನು ನಿಂಗಮ್ಮ ಕೂಸುಗಳಿಂದ ಮುದುಕರವರೆಗೆ ಎಲ್ಲರಿಗೂ ಕಲಿಸಿದಳು. ಕಾಶಮ್ಮ ದಿನಾ ಸಂಜೆ ತನ್ನ ಬಾಗಿಲಿನಿಂದ ಅಲ್ಲಿಗೆ ನಡೆದು ಬಂದು ಕೂರುತ್ತಿದ್ದಳು, ಎಣಿಸಿಕೊಂಡು.

ಮಂಜೂರಿಗಾಗಿ ನಾನು ಆ ಮಳೆಗಾಲ ಓಡಾಡಿದ್ದಕ್ಕೆ ಲೆಕ್ಕವಿಲ್ಲ. ಸಾಹೇಬರು ವಲಾಂಡಿಗೆ ಹೋಗಿದ್ದಾರೆ, ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಫೈಲು ಮೇಲೆ ಹೋಗಿದೆ, ಫೈಲು ಕೆಳಗೆ ಬಂದಿದೆ. ಕೊನೆಗೆ ಶ್ರಾವಣ ಮುಗಿಯುವಾಗ ಕರೆ ಬಂತು. ನಿಂಗಮ್ಮನನ್ನೂ ಮೌಲಾಸಾಬನನ್ನೂ ಕರೆದುಕೊಂಡು ಹೋದೆ. ನಕಾಶೆ ಮಂಜೂರಾಗಿತ್ತು. ಒಂದು ಗೆರೆಯೂ ಬದಲಾಗಿರಲಿಲ್ಲ. ಎಲ್ಲ ಮನೆ, ಎಲ್ಲ ಓಣಿ, ಎಲ್ಲ ನಳ ಇದ್ದಂತೆಯೇ ಇದ್ದವು. ನಡುವಿನ ಬಿಳಿ ಜಾಗದಲ್ಲಿ ಮಾತ್ರ ಕೆಂಪು ಮಸಿಯಲ್ಲಿ ಎರಡು ಸಾಲು ಬರೆದಿತ್ತು. ಖಾಲಿ ಜಾಗ, ಸರ್ಕಾರದ್ದು. ಆಪತ್ಕಾಲದ ಸಾಮಗ್ರಿಯ ಗೋದಾಮಿಗೆ ಕಾದಿರಿಸಿದೆ.

ಭೂಕಂಪದ ಪರಿಹಾರಕ್ಕೆ ಬಂದು ಉಳಿದ ತಗಡು, ತಾಡಪತ್ರಿ, ಕಂಬಳಿಗಳನ್ನು ಇಡಲು ಅವರು ಜಾಗ ಹುಡುಕುತ್ತಿದ್ದರಂತೆ. ಇನ್ನೊಂದು ಸಲ ಭೂಮಿ ನಡುಗಿದರೆ ಜನರಿಗೆ ಬೇಕಾಗುತ್ತದಲ್ಲ, ಅದಕ್ಕೆ.

ನಾನು ಕೂಗಾಡಿದೆ. ಜೀವನದಲ್ಲಿ ಅಷ್ಟು ದೊಡ್ಡ ದನಿ ತೆಗೆದದ್ದು ಅದೇ ಮೊದಲು. ಸಾಹೇಬರು ಸಿಟ್ಟಾಗಲಿಲ್ಲ. ಅದೇ ನನಗೆ ಇನ್ನೂ ಸಿಟ್ಟು ತರಿಸಿತು.

"ಬಾಯಿ, ಫೈಲಿನಾಗ ಹೆಸರ ಇಲ್ಲದ ಜಾಗಾ ಅಂದ್ರ ಸರ್ಕಾರದ ಜಾಗಾ. ನೀವು ಆಟದ ಮೈದಾನ ಅಂತ ಎರಡ ಶಬ್ದ ಬರದಿದ್ರ ಕೋಣಿ ಹಾತ್ ಲಾವಲಾ ನಸತಾ, ಯಾರೂ ಕೈ ಹಚ್ಚತಿರಲಿಲ್ಲ. ನಿಮಗ ನಕಾಶಾ ಕಲಿಸಿದವರು ಇದು ಹೇಳಿಲ್ಲೇನು?"

ಹೇಳಿದ್ದರು.

ಬದಲಾಯಿಸಲು ಬರುವುದಿಲ್ಲವೇ ಎಂದು ಮೌಲಾಸಾಬ ಕೇಳಿದ. ಬರುತ್ತದೆ; ಆದರೆ ಈ ಮಂಜೂರಿ ರದ್ದಾಗಿ, ಹಕ್ಕುಪತ್ರ, ನಳ ಎಲ್ಲ ನಿಂತು, ಹೊಸ ಅರ್ಜಿ ಮೊದಲಿನಿಂದ ಶುರುವಾಗಬೇಕು, ಮುಂದಿನ ಸಲ ಒಪ್ಪುತ್ತಾರೆಂಬ ಭರವಸೆ ಕೊಡಲಾಗದು ಎಂದರು ಸಾಹೇಬರು. ಬಸ್ಸಿನಿಂದ ಇಳಿಯುವಾಗ ನಿಂಗಮ್ಮ ಕೇಳಿದಳು: "ಹಂಗಾರ ಸುಳ್ಳ ಬರೀಬೇಕಿತ್ತೇನು ಬಾಯಿ?"

"ಹೂಂ" ಎಂದೆ. "ಬರೀಬೇಕಿತ್ತು."

ವಸ್ತಿಯವರು ಕೂಡಿದರು. ಹಕ್ಕುಪತ್ರ ಬಿಡಬಾರದು ಎಂದರು. ಅವರದೇನು ತಪ್ಪು? ಪ್ರತಿ ಬೇಸಿಗೆ ನೋಟೀಸು ಕಂಡವರು. ಎಲ್ಲರೂ ನಿಂಗಮ್ಮನ ಮುಖ ನೋಡಿದರು. ಅವಳು "ಕಾಗದಾ ತಗೋರಿ" ಎಂದಳು, ಅಷ್ಟೇ. ನನ್ನನ್ನು ಒಂದು ಮಾತು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ, ಚಹಾ ಕೊಟ್ಟಳು.

ದಸರೆಯ ಹೊತ್ತಿಗೆ ಗೋದಾಮಿನ ಕೆಲಸ ಶುರುವಾಯಿತು. ಆಗ ಬೇರೆಲ್ಲೂ ಕೂಲಿ ಇರಲಿಲ್ಲ. ಕಟ್ಟಿದವನು ಮೌಲಾಸಾಬ, ಕಲ್ಲು ಹೊತ್ತವರು ವಸ್ತಿಯ ಹೆಂಗಸರು, ಅವರಲ್ಲಿ ನಿಂಗಮ್ಮನೂ ಒಬ್ಬಳು. ಗೋಡೆ ಹದಿನಾಲ್ಕು ಅಡಿ ಎತ್ತರಕ್ಕೆ ಎದ್ದಿತು. ಕಾಶಮ್ಮ ಸಂಜೆ ಬಂದು ಅದರ ನೆರಳಲ್ಲಿ ಕೂರತೊಡಗಿದಳು.

ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಒಂದು ಬೆಳಿಗ್ಗೆ ಉದಗೀರಿನಲ್ಲಿ ನಮ್ಮ ಅಂಗಡಿಯ ತಕ್ಕಡಿ ತಾನಾಗಿಯೇ ಅಲುಗಿತು, ಡಬ್ಬಿಗಳು ಸದ್ದು ಮಾಡಿದವು, ನಿಂತಿತು. ಆ ವರ್ಷಗಳಲ್ಲಿ ಅಂಥ ಸಣ್ಣ ನಡುಕ ಆಗಾಗ ಬರುತ್ತಿತ್ತು. ನಾನು ಮೊದಲ ಗಾಡಿ ಹಿಡಿದು ಹೋದೆ. ಯಾರಿಗೂ ಏನೂ ಆಗಿರಲಿಲ್ಲ. ನಿಂಗಮ್ಮ ಗೋದಾಮಿನ ಮುಂದೆ ನಿಂತಿದ್ದಳು. ನನ್ನನ್ನು ನೋಡಿ ಮೆಲ್ಲಗೆ ಹೇಳಿದಳು:

"ಎಲ್ಲಾರೂ ಬಂದ್ರು ಬಾಯಿ. ಕಲಿಸಿದ್ದು ಒಬ್ಬರೂ ಮರ್ತಿಲ್ಲ. ಕೂಸುಗೋಳು, ಬಸುರಿ ಹೆಣ್ಮಕ್ಕಳು, ಕಾಶಮ್ಮ, ಎಲ್ಲಾರೂ ನಲವತ್ತ ಹೆಜ್ಜಿ ಬರೋಬ್ಬರಿ ಓಡಿ ಬಂದು ಈ ಗ್ವಾಡಿ ಬುಡಕ ನಿಂತ್ರು."

ಗೋಡೆ ಗಟ್ಟಿಯಿತ್ತು, ಮೌಲಾಸಾಬ ಕಟ್ಟಿದ್ದು. ಅದು ಗಟ್ಟಿಯಿತ್ತು ಎಂಬುದೊಂದೇ ಕಾರಣಕ್ಕೆ ಅರವತ್ತೆರಡು ಮನೆಯವರು ಅಂದು ಬದುಕಿದ್ದರು. ಒಂದೇ ಒಂದು ಹೆಸರು ಬರೆಯದೆ ಅವರೆಲ್ಲರನ್ನು ಆ ಗೋಡೆಯ ಕೆಳಗೆ ತಂದು ನಿಲ್ಲಿಸಿದವಳು ನಾನು.

ಆಮೇಲೆ ನಿಂಗಮ್ಮ ನನ್ನನ್ನು ವಸ್ತಿಯ ಹೊರಗೆ, ಕೊನೆಯ ಸಾಲಿಗೂ ಡಾಂಬರು ರಸ್ತೆಗೂ ನಡುವೆ ಕರೆದೊಯ್ದಳು. ಅಲ್ಲಿ ಯಂತ್ರದ ಕಸ ಸುರಿಯುತ್ತಿದ್ದ ಉದ್ದನೆಯ ಒಂದು ಪಟ್ಟಿ ಖಾಲಿ ಬಿದ್ದಿತ್ತು. ಹತ್ತಿರದ ಮನೆಗಳಿಗೆ ಮೂವತ್ತು ಹೆಜ್ಜೆ. ದೂರದವರಿಗೆ, ಮುದುಕಿಯ ಕಾಲಲ್ಲಿ, ನೂರಾ ಎಪ್ಪತ್ತು. ಅವಳು ಆಗಲೇ ಅಳೆಸಿದ್ದಳು. ಮೌಲಾಸಾಬನೂ ಬಂದು ನಿಂತ.

"ಇದಕ್ಕೊಂದು ನಕಾಶಾ ಮಾಡ್ರಿ ಬಾಯಿ" ಎಂದಳು. "ಈ ಸಲ ಹೆಸರ ಬರೀರಿ."

"ಏನಂತ ಬರೀಲಿ?"

"ಯಾವ ದೇವರಿಗಿ ಆ ಕಚೇರಿ ಮಂದಿ ಅಂಜತಾರ, ಆ ದೇವರ ಗುಡಿ ಜಾಗಾ ಅಂತ ಬರೀರಿ."

ನಾನು ಮೌಲಾಸಾಬನ ಕಡೆ ನೋಡಿದೆ. ಅವನು ಬೀಡಿ ಹಚ್ಚುತ್ತ ಹೇಳಿದ: "ಬರೀರಿ. ಕಟ್ಟೋಂವ ನಾ ಅಲ್ಲೇನು? ನಾ ಕಟ್ಟಂಗಿಲ್ಲ."

ಬರೆದೆ. ದುಂಡಗೆ, ದಪ್ಪ ಅಕ್ಷರದಲ್ಲಿ, ಪಟ್ಟಿಯ ಈ ತುದಿಯಿಂದ ಆ ತುದಿಯವರೆಗೆ. ಕಚೇರಿಯಲ್ಲಿ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಎಂಟು ದಿನದಲ್ಲಿ ಮಂಜೂರಾಗಿ ಬಂತು. ಹೋದ ತಿಂಗಳು, ಆ ವಾಸನೆ ಮುಖಕ್ಕೆ ಬಡಿದ ದಿನ, ಉದಗೀರಿನಿಂದ ಹಾಗೆಯೇ ಗಾಡಿ ಹತ್ತಿ ಹೋಗಿ ನೋಡಿದೆ. ನಿಂಗಮ್ಮ ಇಲ್ಲ, ಮೌಲಾಸಾಬನೂ ಇಲ್ಲ. ರಸ್ತೆಯ ಎರಡೂ ಬದಿ ಅಂಗಡಿ, ಧಾಬಾ ಒತ್ತಿಕೊಂಡು ಬಂದಿವೆ. ಆ ಪಟ್ಟಿಯ ಅಂಚಿಗೆ ಬಂದು ಎಲ್ಲವೂ ನಿಂತಿವೆ. ಗುಡಿಯೂ ಇಲ್ಲ, ದೇವರೂ ಇಲ್ಲ, ಬರೀ ನೆಲ. ಯಾರೂ ಅದನ್ನು ಮುಟ್ಟಿಲ್ಲ.